ರಟ್ಟಿನ ಪೇಟೆ, ನಲವತ್ತು ಸೀರೆ

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿ ಉಂಟು. ಯಾರದೇ ಬಟ್ಟೆ ಹತ್ತಿರ ಬಂದರೂ ಅದರ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ನೋಡುತ್ತದೆ. ನಾನು ನೋಡುವುದಲ್ಲ, ಕೈ ನೋಡುವುದು. ನಾನು ಆ ಹೊತ್ತಿಗೆ ಬೇರೆ ಏನನ್ನೋ ಯೋಚಿಸುತ್ತಿರುತ್ತೇನೆ. ಒಮ್ಮೆ ಮೂಲ್ಕಿಯ ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗು ಜಗ್ಗಿಕೊಂಡು, "ಎಂತ, ಕಳ್ಳಿಯಾ ನೀನು?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದಳು. ದುಬೈಯ ಮಾಲಿನಲ್ಲಿ ಲಿಫ್ಟಿಗೆ ಕಾಯುವಾಗ ಒಬ್ಬ ಅರಬಿ ಹೆಂಗಸಿನ ಮೈತುಂಬ ಹಾಕುವ ಕಪ್ಪು ಅಬಾಯದ ತುದಿ ನನ್ನ ಬೆರಳಿಗೆ ಬಂದಿತ್ತು. ಸೊಸೆ ಶಶಿಕಲಾ ನನ್ನ ಕೈಗೆ ಪಟ್ಟನೆ ಹೊಡೆದು ಆಕೆಗೆ ಹತ್ತು ಸಲ ಸಾರಿ ಹೇಳಿದಳು. ಆ ಹೆಂಗಸು ನಕ್ಕು, ಇನ್ನೊಂದು ಮೊಳ ಬಟ್ಟೆಯನ್ನು ನನ್ನ ಕಡೆಗೇ ಚಾಚಿದಳು. ಒಳ್ಳೆಯ ನೇಯ್ಗೆ. ಕಪ್ಪು ಬಣ್ಣ ಬಾವಿಯ ಹಾಗೆ ಆಳ.

ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳ ಕೈ ಅದು. ಬೇರೆ ಕೆಲಸ ಕಲಿಸಲು ಈಗ ತಡವಾಯಿತು. ಕೈಯೊಂದೇ ಆಗಿದ್ದರೆ ಚಿಂತೆಯಿಲ್ಲ. ನನಗೆ ಕೈಗೂ ಬಾಯಿಗೂ ನಡುವೆ ಬಾಗಿಲಿಲ್ಲ. ಬರ್ ದುಬೈಯಲ್ಲಿ ಒಂದು ಮಂಗಳವಾರ ಕೈ ಕಂಡದ್ದನ್ನು ಬಾಯಿ ಹೇಳಿಬಿಟ್ಟಿತು. ಅದು ಹೋಗಿ ಮಗನ ಅನ್ನಕ್ಕೆ ತಾಗಿತು. ಅದನ್ನೇ ಬರೆಯಲು ಕೂತಿದ್ದೇನೆ. ನನ್ನದು ನಾಲ್ಕನೆಯ ಕ್ಲಾಸು. ಮಾತು ಅಡ್ಡದಾರಿ ಹಿಡಿದರೆ ನೀವೂ ಸ್ವಲ್ಪ ಹಿಂದೆಯೇ ನಡೆಯಿರಿ, ತಿರುಗಿ ಬರುತ್ತೇನೆ.

ನನ್ನ ಮಗ ಉಮೇಶ ಬರ್ ದುಬೈಯ ಬಟ್ಟೆ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವನು. ಗಂಟು ಹೊರುವ ಕೆಲಸಕ್ಕೆ ಸೇರಿ ಮೇಲೆ ಬಂದು ಮ್ಯಾನೇಜರ್ ಆದವನು. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮೊಮ್ಮಗಳು ದಿಶಾಳಿಗೆ ಆಗ ಹನ್ನೆರಡು. ಮನೆ ಮಿರ್ದಿಫಿನಲ್ಲಿ. ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ ಹೋಗುತ್ತದೆ, ಹೊಟ್ಟೆಯ ಚಕ್ರ ಕೂಡ ಕಾಣುತ್ತದೆ. ನಾನು ವಿಸಿಟ್ ವೀಸಾದಲ್ಲಿ ಮೂರು ತಿಂಗಳಿಗೆಂದು ಹೋಗಿದ್ದೆ.

ಮನೆಯಲ್ಲಿ ಕೂತು ಬೇಸರವಾದಾಗ ಉಮೇಶ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದ. ಬಾಗಿಲ ಬಳಿ ಒಂದು ಸ್ಟೂಲು, ಕಾಗದದ ಲೋಟದಲ್ಲಿ ಚಾ. ಎದುರಿನ ಗಲ್ಲಿಯಲ್ಲಿ ದೇವಸ್ಥಾನಕ್ಕೆ ಹೋಗುವವರು, ಅದರಾಚೆ ನೀರು, ನೀರಿನ ಮೇಲೆ ಜನ ತುಂಬಿಕೊಂಡು ಆಚೆ ದಡಕ್ಕೆ ಹೋಗುವ ಅಬ್ರಾ ದೋಣಿ. ನನಗೆ ಅಷ್ಟು ಸಾಕು.

ಆ ಮಂಗಳವಾರ ಜಯಂತಿ ಮೇಡಂ ಬಂದರು. ಉಡುಪಿಯವರು, ಗಂಡ ಬ್ಯಾಂಕಿನಲ್ಲಿ. ಕನ್ನಡದವರ ರಾಜ್ಯೋತ್ಸವಕ್ಕೆ ನಲವತ್ತು ಹೆಂಗಸರು ಒಂದೇ ಬಗೆಯ ಉಡುಪಿ ಕೈಮಗ್ಗದ ಸೀರೆ ಉಟ್ಟು ಹಾಡುವುದೆಂದು ಅವರೇ ಹಠ ಹಿಡಿದು ಗೊತ್ತು ಮಾಡಿದ್ದು. ಉಮೇಶ ತರಿಸಿಟ್ಟಿದ್ದ. ಕೆಂಪು ಒಡಲು, ಹಳದಿ ಅಂಚು. ಒಂದೊಂದಕ್ಕೂ 'ಕೈಮಗ್ಗ' ಎಂಬ ಚೀಟಿ. ಒಂದು ಸೀರೆಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿದರು. ಸೆರಗು ನನ್ನ ಸ್ಟೂಲಿನ ಪಕ್ಕಕ್ಕೆ ಇಳಿಯಿತು.

ನಾನು ಪಾರಿವಾಳ ನೋಡುತ್ತಿದ್ದೆ. ದೇವಸ್ಥಾನದ ಗಲ್ಲಿಯಲ್ಲಿ ಯಾರೋ ಜೋಳ ಚೆಲ್ಲಿದ್ದರು. ಪಾರಿವಾಳಗಳು ನೂಕಾಡುವುದು ನೋಡುತ್ತಾ ನೋಡುತ್ತಾ ನನ್ನ ಬಾಯಿ ಹೇಳಿತು: "ಇದು ಕೈಮಗ್ಗ ಅಲ್ಲ."

ತುಳುವಿನಲ್ಲಿಯಾದರೂ ಹೇಳಬಾರದಾ? ಕನ್ನಡದಲ್ಲೇ ಹೇಳಿದೆ. ತುಳುವಿನಲ್ಲಿ ಹೇಳಿದ್ದರೂ ಏನು, ಮೇಡಮ್ಮಿಗೆ ಅದೂ ಬರುತ್ತದೆ.

"ಎಂತ ಹೇಳಿದ್ರಿ ಅಜ್ಜಿ?"

"ಪವರ್‌ಲೂಮು. ಅಂಚಿನ ತೂತು ನೋಡಿ."

ಈ ತೂತಿನ ವಿಷಯ ಹೇಳಿಯೇ ಮುಂದೆ ಹೋಗಬೇಕು. ನೇಯುವಾಗ ಬಟ್ಟೆ ಒಳಕ್ಕೆ ಮುದುಡದ ಹಾಗೆ ಅಗಲಕ್ಕೆ ಒಂದು ಕೋಲು ಕೊಟ್ಟು ಹಿಗ್ಗಿಸುತ್ತೇವೆ. ಕೋಲಿನ ಎರಡು ತುದಿಗೂ ಸೂಜಿಯಂಥ ಮೊಳೆ, ಅದು ಅಂಚಿಗೆ ಚುಚ್ಚಿ ಹಿಡಿಯುತ್ತದೆ. ಎರಡು ಬೆರಳು ನೇಯ್ದ ಮೇಲೆ ಕೋಲನ್ನು ಕಿತ್ತು ಮುಂದಕ್ಕೆ ಚುಚ್ಚಬೇಕು. ಒಮ್ಮೆ ಎರಡು ಬೆರಳು ಮೂರಾಗುತ್ತದೆ, ಮಗು ಅತ್ತರೆ ನಾಲ್ಕಾಗುತ್ತದೆ. ಹಾಗಾಗಿ ಕೈಮಗ್ಗದ ಅಂಚಿನಲ್ಲಿ ಸಣ್ಣ ತೂತುಗಳು ಮನಸ್ಸು ಬಂದ ಹಾಗೆ ಇರುತ್ತವೆ. ಮಿಷನ್ನಿನದ್ದು ಪೊಲೀಸರ ಪೆರೇಡಿನ ಹಾಗೆ, ಒಂದು ಕೂದಲು ಆಚೆ ಈಚೆ ಇಲ್ಲ. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಉಮೇಶನ ಮುಖ ನೋಡಿದೆ. ಆಗ ತಿಳಿಯಿತು ನಾನು ಏನು ಮಾಡಿದೆನೆಂದು. ಜಯಂತಿ ಮೇಡಂ ಸೀರೆಯನ್ನು ಮಡಚಿ ಇಟ್ಟರು. "ಸೇಠ್ ಯಾವಾಗ ಬರ್ತಾರೆ?" ಎಂದು ಕೇಳಿದರು. ಅಂಗಡಿಯ ಸೇಠ್ ಮುಂಬಯಿಗೆ ಹೋಗಿದ್ದ, ಶುಕ್ರವಾರ ಬರುವವನಿದ್ದ. "ಹಾಗಾದ್ರೆ ಶುಕ್ರವಾರ ಸಂಜೆ ಬರ್ತೇನೆ. ಅವರ ಎದುರೇ ಮಾತಾಡುವ" ಎಂದು ಹೋದರು. ಗಟ್ಟಿ ದನಿಯಲ್ಲಿ ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಮೆಟ್ರೋದಿಂದ ಇಳಿಯುವಾಗ ಉಮೇಶ, "ಅಪ್ಪೆ, ಸೇಠ್ ಕೆಲಸ ತೆಗೆದ ಅಂದ್ರೆ ವೀಸಾ ಹೋಯ್ತು. ನನ್ನದು, ಇವಳದ್ದು, ಮಗುವಿನದ್ದು. ಶಾಲೆ ಅರ್ಧ ವರ್ಷದಲ್ಲಿ ಉಂಟು" ಎಂದ. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ. ಕೋಪ ಬಂದಾಗ ಅವನು ಅಮ್ಮ ಎನ್ನುವವನು; ಅಪ್ಪೆ ಎಂದದ್ದು ಕೇಳಿ ನನಗೆ ಹೆಚ್ಚು ಹೆದರಿಕೆಯಾಯಿತು.

ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ಪೇಟೆ ಕಟ್ಟುತ್ತಿದ್ದರು. ದಿಶಾಳ ಶಾಲೆಯ ಕೆಲಸ. ಅವಳದು ಬ್ರಿಟಿಷ್ ಪಾಠದ ಶಾಲೆ. ಆರೇಳುನೂರು ವರ್ಷ ಹಿಂದೆ ಯುರೋಪಿನಲ್ಲಿ ಪೇಟೆ ಹೇಗಿತ್ತು ಎಂದು ರಟ್ಟಿನಲ್ಲಿ ಮಾಡಿ ಭಾನುವಾರ ತರಬೇಕಂತೆ; ಅಲ್ಲಿ ರಜೆ ಶುಕ್ರವಾರ, ಭಾನುವಾರ ಶಾಲೆ ಉಂಟು. ಫ್ರಿಜ್ಜಿನ ಪೆಟ್ಟಿಗೆ ಕತ್ತರಿಸಿ ಸುತ್ತ ಗೋಡೆ, ಗೋಡೆಗೆ ನಾಲ್ಕು ಬಾಗಿಲು, ನಡುವೆ ಇಗರ್ಜಿ, ಅಂದರೆ ಚರ್ಚು, ಅದರೆದುರು ಸಂತೆ. ನಾವು ಮೂರು ದಿನ ನೆಲದ ಮೇಲೆ ಕೂತು ಉಂಡೆವು.

"ಅಜ್ಜೀ, ಟಚ್ ಮಾಡ್ಬೇಡ, ಗಮ್ ವೆಟ್ ಉಂಟು."

"ಇಷ್ಟು ದೊಡ್ಡ ಬಾಗಿಲು ಎಂತಕ್ಕೆ?"

"ಸಿಟಿ ಗೇಟ್. ಈವ್ನಿಂಗ್ ಬೆಲ್ ಹೊಡೆದ್ರೆ ಕ್ಲೋಸ್. ಆಮೇಲೆ ಯಾರೂ ಒಳಗೆ ಬರ್ಲಿಕ್ಕಿಲ್ಲ."

"ಹೊರಗೆ ಉಳಿದವ?"

"ಔಟ್‌ಸೈಡ್ ಮಲಗ್ಬೇಕು. ವಿತ್ ದ ವುಲ್ವ್ಸ್." ತೋಳದ ಹಾಗೆ ಹಲ್ಲು ತೋರಿಸಿದಳು.

ಅವಳ ಪುಸ್ತಕದಲ್ಲಿ ಬಣ್ಣದ ಚಿತ್ರಗಳು. ಓದಲು ನನಗೆ ಬರುವುದಿಲ್ಲ, ಇಂಗ್ಲಿಷ್. ಅವಳು ಓದಿ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಬೀದಿಗಳು ಓಣಿಯಷ್ಟು ಕಿರಿದು. ಮೇಲಿನ ಮಹಡಿಯಿಂದ ಕೊಳಕು ನೀರು ನೇರ ಕೆಳಗೆ ಎರಚುತ್ತಿದ್ದರಂತೆ. ಹಂದಿಗಳು ತಮ್ಮ ಪಾಡಿಗೆ ತಿರುಗುತ್ತಿದ್ದವಂತೆ. ಬಣ್ಣ ಹಾಕುವವರು ಊರಿನವರ ಉಚ್ಚೆಯನ್ನು ಪಾತ್ರೆಯಲ್ಲಿ ಕೂಡಿಸಿ ಬಟ್ಟೆ ನೆನೆಸುತ್ತಿದ್ದರೆಂದು ಓದಿ ದಿಶಾ "ಯಕ್!" ಎಂದಳು. ನಾನು ಹೇಳಿದೆ, ಬಣ್ಣ ನಿಲ್ಲಬೇಕಾದರೆ ಏನಾದರೂ ಹಾಕಲೇಬೇಕು ಮಗಾ, ಗಂಧ ಹಾಕಿದರೆ ನಿಲ್ಲುವುದಿಲ್ಲ.

ಒಂದೊಂದು ಕಸುಬಿಗೆ ಒಂದೊಂದು ಬೀದಿ. ಚರ್ಮದವರದು ನದಿಯ ಕೆಳಗೆ, ಕಮ್ಮಾರರದು ಗೋಡೆಯ ಬದಿಗೆ, ಬಟ್ಟೆಯವರದು ಸಂತೆಯ ಪಕ್ಕ. ಇದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ. ಬರ್ ದುಬೈಯಲ್ಲಿ ಬಟ್ಟೆ, ನೀರು ದಾಟಿದರೆ ಮಸಾಲೆ, ಅದರಾಚೆ ಚಿನ್ನ. ಮೂಗು ಹಿಡಿದುಕೊಂಡು ನಡೆದರೂ ಎಲ್ಲಿದ್ದೇನೆಂದು ಹೇಳಬಹುದು. ಮೂಗು ಬಿಟ್ಟರೆ ಇನ್ನೂ ಬೇಗ.

ನೇಯುವವರೆಲ್ಲ ಸೇರಿ ಒಂದು ಕೂಟ, ಅದಕ್ಕೆ ಗಿಲ್ಡ್ ಎಂದು ಹೆಸರು. ರೊಟ್ಟಿ ಸುಡುವವರಿಗೆ ಬೇರೆ, ಚಪ್ಪಲಿ ಹೊಲಿಯುವವರಿಗೆ ಬೇರೆ. ಕೂಟಕ್ಕೆ ಸೇರದವನು ಆ ಪೇಟೆಯಲ್ಲಿ ಒಂದು ಗಜ ಬಟ್ಟೆ ಮಾರುವ ಹಾಗಿಲ್ಲ. ಹೊರಗಿನವನು ಜಾತ್ರೆಯ ದಿನ ಮಾತ್ರ ಬಂದು ಮಾರಿ ಹೋಗಬೇಕು. ಯಜಮಾನ ಸತ್ತರೆ ಅವನ ಹೆಂಡತಿ ಮಗ್ಗ ನಡೆಸಿಕೊಂಡು ಹೋಗಬಹುದಿತ್ತಂತೆ.

"ನಮ್ಮ ನೇಕಾರರ ಸೊಸೈಟಿಯೇ ಇದು" ಎಂದೆ.

"ನೋ ಅಜ್ಜಿ, ಇಟ್ಸ್ ಡಿಫರೆಂಟ್."

"ಎಂತ ಡಿಫರೆಂಟು? ನಿನ್ನ ಅಜ್ಜ ಸತ್ತಾಗ ನಿನ್ನ ಅಪ್ಪನಿಗೆ ಒಂಬತ್ತು ವರ್ಷ. ಸೊಸೈಟಿಯವರು ಮಗ್ಗ ನನ್ನ ಹೆಸರಿಗೆ ಬರೆದ್ರು. ಹದಿಮೂರು ದಿನ ಸೂತಕ, ಹದಿನಾಲ್ಕಕ್ಕೆ ನಾನು ಗುಂಡಿಗೆ ಇಳಿದೆ."

ಅವಳು ಪೆನ್ಸಿಲು ಕಚ್ಚಿಕೊಂಡು ನನ್ನನ್ನೇ ನೋಡಿದಳು. "ಅಳಲಿಲ್ವಾ?"

"ನೂಲು ಒದ್ದೆ ಆದ್ರೆ ತುಂಡಾಗ್ತದೆ."

ಉಮೇಶ ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದ. ಟಿವಿಯ ದನಿ ಪೂರ್ತಿ ಇಳಿಸಿದ್ದ. ಬುಧವಾರವೂ ಹಾಗೆ, ಗುರುವಾರವೂ ಹಾಗೆ. ಫೋನು ಮೊಣಕಾಲ ಮೇಲೆ. ಅದು ನಡುಗಿದರೆ ಇವನೂ ನಡುಗುತ್ತಿದ್ದ. ಶಶಿಕಲಾ ಡ್ಯೂಟಿಯಿಂದ ಬಂದು ನನಗೂ ಅವನಿಗೂ ಒಟ್ಟಿಗೆ ಬಡಿಸುತ್ತಿದ್ದಳು, ಇಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಮೇಲೆ ಸಿಟ್ಟು ಬಂದಿರಬೇಕು. ಬಂದರೆ ತಪ್ಪೇನು? ಮೂರು ತಿಂಗಳಿಗೆ ಬಂದ ಮುದುಕಿ ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಕತ್ತರಿ ಇಟ್ಟರೆ ನಾನಾಗಿದ್ದರೆ ಬಡಿಸುತ್ತಲೂ ಇರಲಿಲ್ಲ.

ಗುರುವಾರ ರಾತ್ರಿ ದಿಶಾ ಪುಸ್ತಕದಲ್ಲಿ ಇನ್ನೊಂದು ಪುಟ ಓದಿದಳು. ಹಳ್ಳಿಯ ಜೀತದವನು ಒಡೆಯನಿಂದ ತಪ್ಪಿಸಿಕೊಂಡು ಈ ಪೇಟೆಯ ಗೋಡೆಯೊಳಗೆ ಬಂದು, "ಒನ್ ಇಯರ್ ಆ್ಯಂಡ್ ಒನ್ ಡೇ ಇದ್ರೆ, ಹಿ ಈಸ್ ಫ್ರೀ! ಆಮೇಲೆ ಅವನು ಟೌನಿನವನೇ. ಯಾರೂ ಕಳಿಸ್ಲಿಕ್ಕಿಲ್ಲ."

"ಒಂದು ವರ್ಷ ಒಂದು ದಿನವಾ?" ಉಮೇಶ ಸೋಫಾದಿಂದ ಕೇಳಿದ. ಎರಡು ದಿನದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು. "ನಮ್ಮದು ಎಷ್ಟಾಯ್ತು ಶಶಿ?"

"ಮಗುವಿನ ಎದುರು ಅದೆಲ್ಲ ಎಂತಕ್ಕೆ ಈಗ?" ಎಂದಳು ಶಶಿಕಲಾ ಒಳಗಿನಿಂದ.

ಇಗರ್ಜಿಯ ಗೋಡೆಗೆ ದಿಶಾ ಒಂದು ಟೂತ್‌ಪಿಕ್ ಅಂಟಿಸಿದಳು. ಅದು ಕಬ್ಬಿಣದ ಅಳತೆಕೋಲಂತೆ. ಎಲ್ಲರೂ ಅದಕ್ಕೇ ಹಿಡಿದು ಬಟ್ಟೆ ಅಳೆಯಬೇಕು, ನಿನ್ನ ಮೊಳ ನನ್ನ ಮೊಳ ಎಂಬ ಜಗಳವಿಲ್ಲ. ಮಾರುವ ಮುಂಚೆ ಕೂಟದ ಇಬ್ಬರು ಹಿರಿಯರು ಬಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ, ಒಪ್ಪಿದರೆ ಸೀಸದ ಮುದ್ರೆ ಒತ್ತಬೇಕು. ಮೇಣದ ದೀಪದಲ್ಲಿ ನೇಯಬಾರದು. ಮಂದ ಬೆಳಕಿನ ನೇಯ್ಗೆಯಲ್ಲಿ ಮೋಸ ಅಡಗುತ್ತದೆ ಎಂದು. ಮೋಸದ ಬಟ್ಟೆಯನ್ನು ಸಂತೆಯ ನಡುವೆ ಸುಡುತ್ತಿದ್ದರು. ಮಾರಿದವನ ಕುತ್ತಿಗೆ ಮತ್ತು ಕೈ ಎರಡನ್ನೂ ಹಲಗೆಯ ತೂತಿಗೆ ಹಾಕಿ ನಿಲ್ಲಿಸುತ್ತಿದ್ದರು. ಊರಿನವರು ಕೊಳೆತದ್ದು ಎಸೆಯುತ್ತಿದ್ದರು.

ದಿಶಾ ಐಸ್‌ಕ್ರೀಮ್ ಕಡ್ಡಿಯಿಂದ ಆ ಹಲಗೆಯನ್ನು ಮಾಡಿದ್ದಳು. ಜೇಡಿಮಣ್ಣಿನ ಒಬ್ಬ ಮನುಷ್ಯನನ್ನೂ ಮಾಡಿ, ಅವನ ತಲೆಯನ್ನು ತೂತಿಗೆ ತುರುಕಿ, "ಪಪ್ಪಾ, ಇವ ಯಾರಾಗ್ಲಿ? ಬೇಕರ್ ಆರ್ ಕ್ಲಾತ್ ಮರ್ಚೆಂಟ್?" ಎಂದು ಕೇಳಿದಳು.

ವಿಮಾನವೊಂದು ಹೋಯಿತು. 

"ಬೇಕರ್" ಎಂದ ಉಮೇಶ. "ಬೇಕರ್ ಮಾಡು."

ಅವಳು ಹಿಟ್ಟಿನ ಸಣ್ಣ ಉಂಡೆಯನ್ನು ನೂಲಿನಲ್ಲಿ ಕಟ್ಟಿ ಅವನ ಕುತ್ತಿಗೆಗೆ ತೂಗಿಸಿದಳು. ತೂಕದಲ್ಲಿ ಕಡಿಮೆ ರೊಟ್ಟಿ ಮಾರಿದ ಕಳ್ಳ. ನನ್ನ ಮಗನ ಹಣೆಯಲ್ಲಿ ಎ.ಸಿ.ಯ ಕೆಳಗೆ ಬೆವರು.

ಅವನಿಗಾಗಿ ಅಲ್ಲ, ನನ್ನ ಬಾಯಿ ಸುಮ್ಮನಿರದೆ ನಾನು ದಿಶಾಳಿಗೆ ಒಂದು ಕಥೆ ಹೇಳಿದೆ. ನನ್ನದೇ ಕಥೆ. ಉಮೇಶ ಹೈಸ್ಕೂಲಿನಲ್ಲಿದ್ದ ವರ್ಷ ಚೌತಿಯ ಮುಂಚೆ ಒಂದು ಸೀರೆ ಮುಗಿಸಲೇಬೇಕಿತ್ತು. ಚಿಮಣಿ ದೀಪದಲ್ಲಿ ನೇಯ್ದೆ. ಬೇಗ ಆಗಲೆಂದು ಅಡ್ಡ ನೂಲು ಕಡಿಮೆ ಹಾಕಿದೆ, ನೂಲು ಒತ್ತುವ ಹಲಗೆಯನ್ನು ಮೆಲ್ಲಗೆ ಬಡಿದೆ. ಮೇಲೆ ಗಂಜಿ ದಪ್ಪ ಕೊಟ್ಟೆ, ಮುಟ್ಟಿದರೆ ಗಟ್ಟಿಯೇ. ಸೊಸೈಟಿಯಲ್ಲಿ ಬಟ್ಟೆ ಪರೀಕ್ಷೆ ಮಾಡುವ ಮುದುಕರು ಮುಟ್ಟಲಿಲ್ಲ. ಸೀರೆಯನ್ನು ಕಿಟಕಿಗೆ ಹಿಡಿದರು. ಅದರ ಮೂಲಕ ರಸ್ತೆ ಕಂಡಿತು, ರಸ್ತೆಯಲ್ಲಿ ಹೋಗುವ ದನ ಕಂಡಿತು. ಒಂದು ಮಾತೂ ಬೈಯದೆ ಸೀರೆಯನ್ನು ಸೊಸೈಟಿಯ ಬಾಗಿಲಿಗೆ ಎಂಟು ದಿನ ತೂಗಿಸಿದರು. ಯಾರ ಸೀರೆಯೆಂದು ಬರೆದಿರಲಿಲ್ಲ. ಬರೆಯುವುದು ಬೇಡ, ನಮ್ಮಲ್ಲಿ ಒಬ್ಬೊಬ್ಬರ ಕೈ ಎಲ್ಲರಿಗೂ ಗೊತ್ತು. ನಾನು ಎಂಟು ದಿನವೂ ಆ ಬಾಗಿಲ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಿ ನೂಲು ತಂದೆ.

"ಸೋ ಯೂ ಚೀಟೆಡ್!" ದಿಶಾ ಕಣ್ಣು ಅಗಲ ಮಾಡಿದಳು. ಅವಳಿಗೆ ಸಂತೋಷವಾದ ಹಾಗಿತ್ತು.

"ಹೌದು. ಸಿಕ್ಕಿಬಿದ್ದೆ ಕೂಡ."

ಉಮೇಶ ಎದ್ದು ಬಾಲ್ಕನಿಗೆ ಹೋದ. ನಾನೂ ಹೋದೆ. ಎರಡು ದಿನದಿಂದ ಗಂಟಲಲ್ಲಿ ಇದ್ದದ್ದನ್ನು ಕೇಳಿದೆ.

"ನಿನಗೆ ಗೊತ್ತಿತ್ತಾ?"

ಅವನು ಕೆಳಗೆ ಪಾರ್ಕಿಂಗ್ ನೋಡಿದ. ಮಗ್ಗದ ಕೆಳಗೆ ತೆವಳಿ ಬೆಳೆದವನು, ನಾಲ್ಕು ವರ್ಷಕ್ಕೇ ನೂಲು ಸುತ್ತಿದವನು. ಅವನಿಗೆ ಗೊತ್ತಿಲ್ಲದಿರಲು ಹೇಗೆ ಸಾಧ್ಯ? ಆದರೂ ಇಲ್ಲ ಎನ್ನಲಿ ಎಂದು ನಾನು ಕಾದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಿಲ್ಲ.

ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಸೇಠ್ ಫೋನ್ ಮಾಡಿದ್ದ" ಎಂದ. "ನಾಳೆ ನಿನ್ನ ತಾಯಿಯನ್ನು ಕರ್ಕೊಂಡು ಬಾ ಅಂದಿದ್ದಾನೆ. ಅಪ್ಪೆ, ಒಂದೇ ಮಾತು ಸಾಕು. ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಸರಿ ಕಾಣುವುದಿಲ್ಲ, ತಪ್ಪಿ ಹೇಳಿದೆ ಅಂತ ಹೇಳು. ಮೇಡಂ ಒಪ್ತಾರೆ. ವಯಸ್ಸಾದವರ ಮಾತು."

ಆಪರೇಷನ್ ಆದದ್ದು ನಿಜ. ಎರಡು ಕಣ್ಣಿಗೂ. ಈಗ ಸೂಜಿಗೆ ನೂಲು ಹಾಕುತ್ತೇನೆ.

ನಾನು ಹೂಂ ಎಂದೆ. ಸತ್ಯವಂತೆ ಎಂಬ ಬಿರುದು ನನಗೆ ಬೇಡ. ಬಾಗಿಲಿಗೆ ತೂಗಿದ ಸೀರೆಯ ಕಥೆ ಈಗಷ್ಟೇ ಹೇಳಿದ್ದೇನೆ. ಹುಡುಗಿಯ ಶಾಲೆ ದೊಡ್ಡದಾ, ನನ್ನ ಬೆರಳು ದೊಡ್ಡದಾ? ಶಶಿಕಲಾ ಬಾಗಿಲಲ್ಲಿ ನಿಂತಿದ್ದಳು. "ಕನ್ನಡಕ ತೆಗೆದಿಟ್ಟು ಹೋಗಿ ಅತ್ತೆ" ಎಂದಳು. "ಸ್ವಲ್ಪ ತಡವರಿಸಿಕೊಂಡು ನಡೀರಿ." ನರ್ಸಲ್ಲವಾ, ರೋಗಿ ಹೇಗಿರಬೇಕು ಎಂದು ಅವಳಿಗೆ ಗೊತ್ತು. ಮೂವರೂ ಕೂಡಿ ಅಷ್ಟು ನಯವಾಗಿ ಆ ಸುಳ್ಳನ್ನು ನೇಯ್ದೆವು. ಅದರ ನಡುವೆ ಇದ್ದ ತೂತು ಒಬ್ಬರಿಗೂ ಕಾಣಲಿಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿದು ಅಂಗಡಿ ತೆರೆದ ಮೇಲೆ ಹೋದೆವು. ಕನ್ನಡಕ ಶಶಿಕಲಾಳ ಚೀಲದಲ್ಲಿ ಉಳಿದಿತ್ತು. ಗಲ್ಲಿಯಲ್ಲಿ ರಜೆಯ ಜನ, ಒಬ್ಬರ ಮೇಲೊಬ್ಬರು. ಉಮೇಶ ನನ್ನ ತೋಳು ಹಿಡಿದಿದ್ದ. ಮುದುಕಿಯನ್ನು ನಡೆಸಲೋ, ಓಡದ ಹಾಗೆ ಹಿಡಿಯಲೋ, ನನಗೆ ಗೊತ್ತಾಗಲಿಲ್ಲ.

ಸೇಠ್ ದಪ್ಪ ಮನುಷ್ಯ, ಮೆಲ್ಲಗೆ ಮಾತಾಡುವವನು. "ಆಯಿಯೇ ಮಾಜೀ, ಬೈಠಿಯೇ. ಚಾಯ್ ಲಾವೋ ಮಾಜೀ ಕೇ ಲಿಯೇ" ಎಂದು ನನ್ನನ್ನು ಕೂರಿಸಿ ಚಾ ತರಿಸಿದ. ಜಯಂತಿ ಮೇಡಂ ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಅದೇ ಸೀರೆ, ಮಡಚಿದ ಹಾಗೆಯೇ. ನಾನು ಎರಡು ಕೈಯನ್ನೂ ಸೆರಗಿನೊಳಗೆ ಕಟ್ಟಿಕೊಂಡು ಕೂತೆ.

"ಮ್ಯಾಡಮ್," ಎಂದ ಸೇಠ್ ಹಿಂದಿಯಲ್ಲಿ, "ಮಾಜೀಗೆ ಕಣ್ಣಿನ ತೊಂದರೆ. ನೀವೇ ಕೇಳಿ."

ಮೇಡಂ ನನ್ನ ಕಡೆ ತಿರುಗಿದರು. "ಹೌದಾ ಅಜ್ಜಿ?"

"ಹೌದು" ಎಂದೆ. "ಆಪರೇಷನ್ ಆದದ್ದು. ಎಲ್ಲ ಮಂಜು ಮಂಜು. ಆ ದಿನ ಎಂತದೋ ಹೇಳಿಬಿಟ್ಟೆ. ಸೀರೆ ಒಳ್ಳೆಯದೇ."

ಸೇಠ್ ಕುರ್ಚಿಗೆ ಒರಗಿದ. ಉಮೇಶ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಜಯಂತಿ ಮೇಡಂ ಮಾತ್ರ ಒರಗಲಿಲ್ಲ, ಮುಂದಕ್ಕೆ ಬಾಗಿದರು.

"ಅಜ್ಜೀ, ಮಂಗಳವಾರ ನೀವು ಸೀರೆ ನೋಡ್ಲೇ ಇಲ್ಲ ಅಲ್ವಾ? ಹೊರಗೆ ಪಾರಿವಾಳ ನೋಡ್ತಾ ಇದ್ರಿ. ನಾನು ಇಲ್ಲೇ ನಿಂತಿದ್ದೆ. ಕಣ್ಣಿಗೆ ಮಂಜು ಬಂದ್ರೆ ಬೆರಳಿಗೂ ಬರ್ತದಾ?"

ನೋಡಿ, ಇದು ನೇಕಾರರ ಮನೆಯವರು ಮಾತ್ರ ಮಾಡುವ ದಡ್ಡತನ. ಬೇರೆಯವರಾಗಿದ್ದರೆ ಮುದುಕಿ ಹೇಗೆ ಕಂಡುಹಿಡಿದಳೆಂದು ಮೊದಲು ಯೋಚಿಸಿ ಆಮೇಲೆ ಸುಳ್ಳು ಹೇಳುತ್ತಿದ್ದರು. ಬೆರಳಿನಿಂದ ಬಟ್ಟೆ ಓದುವುದು ನಮಗೆ ಉಸಿರಾಡಿದ ಹಾಗೆ. ಅದೊಂದು ಕೆಲಸವೆಂದು ನಮಗೆ ನೆನಪೇ ಆಗಲಿಲ್ಲ.

ನಾನು ಬಾಯಿ ತೆರೆದೆ. ನನ್ನ ಬಾಯಿಯಿಂದ ಏನೂ ಬರದಿದ್ದದ್ದು ಅದೇ ಮೊದಲು. ಮೇಡಂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಸೀರೆಯನ್ನು ನನ್ನ ಕಡೆಗೆ ಸರಿಸಿದರು. "ಕಣ್ಣು ಮುಚ್ಚಿಯೇ ಹೇಳಿ. ಇನ್ನೊಮ್ಮೆ ಮುಟ್ಟಿ."

ಸೆರಗಿನೊಳಗಿನಿಂದ ಕೈ ತೆಗೆಯಬೇಕು. ತೆಗೆದರೆ ಅದು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಇನ್ನೊಂದು ಸುಳ್ಳು ಹೇಳಲು ನಾನು ತಯಾರಿದ್ದೆ, ದೇವರಾಣೆಗೂ. ಕೈ ತೆಗೆದೆ ಕೂಡ. ಅದು ಅಂಚಿಗೆ ತಾಗುವ ಮೊದಲೇ ಉಮೇಶನ ಕೈ ಸೀರೆಯ ಮೇಲೆ ಬಿತ್ತು.

"ಮುಟ್ಟಬೇಡ ಅಮ್ಮ" ಎಂದ. ಆಮೇಲೆ ಮೇಡಮ್ಮಿಗೆ: "ಅಮ್ಮನ ಕಣ್ಣಿಗೆ ಎಂತದೂ ಆಗ್ಲಿಲ್ಲ. ಇದು ಪವರ್‌ಲೂಮ್. ನಲವತ್ತೂ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಚೀಟಿ ಅಂಟಿಸಿದ್ದು ನಾನೇ."

ನಾನು ಕೇಳಿದಾಗ ಹೇಳದ್ದನ್ನು ಆ ಪರವೂರಿನ ಹೆಂಗಸಿಗೆ ಹೇಳಿದ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಅದೂ ನಿಜ. ಸೇಠ್‌ಗೆ ಕನ್ನಡ ಬಾರದಿದ್ದರೂ ಪವರ್‌ಲೂಮ್ ಎಂಬ ಮಾತು ಅರ್ಥವಾಗಿತ್ತು. ಅವನು ತಕ್ಷಣ ಎರಡು ಕೈಯನ್ನೂ ಮೇಲೆತ್ತಿದ. "ಉಮೇಶ್! ನೀನು ನನಗೂ ಮೋಸ ಮಾಡಿದೆಯಾ?" ಎಂದು ಹಿಂದಿಯಲ್ಲಿ ಕೂಗಿದ. ಉಮೇಶ ಅವನ ಮುಖ ನೋಡಿದ. ಆ ಸೀರೆಯ ಗಂಟು ಯಾರು ಮುಂಬಯಿಯಿಂದ ಕಳಿಸಿದ್ದು, ಚೀಟಿ ಯಾರು ಅಚ್ಚು ಹಾಕಿಸಿದ್ದು ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ನಾನು ಇವತ್ತಿನವರೆಗೂ ಕೇಳಿಲ್ಲ.

ಜಯಂತಿ ಮೇಡಂ ಬಹಳ ಹೊತ್ತು ಸೀರೆ ನೋಡಿದರು. "ಪ್ರೋಗ್ರಾಮ್ ಮುಂದಿನ ವಾರ. ನಲವತ್ತು ಕೈಮಗ್ಗದ ಸೀರೆ ನಾನು ಈಗ ಎಲ್ಲಿಂದ ಹುಟ್ಟಿಸ್ಲಿ ಮಾರಾಯ್ರೆ?" ಎಂದರು. "ಚೀಟಿ ತೆಗೀರಿ. ಸೀರೆ ಕೊಡಿ." ಉಮೇಶ ನಿಂತುಕೊಂಡೇ ನಲವತ್ತು ಸೀರೆಯ ಚೀಟಿಯನ್ನೂ ಉಗುರಿನಿಂದ ಒಂದೊಂದಾಗಿ ಕಿತ್ತ. ನನ್ನ ಚಾ ಆರಿಹೋಗಿತ್ತು, ಆದರೂ ಕುಡಿದೆ. ಕೈಗೆ ಕೆಲಸ ಬೇಕಿತ್ತು.

ಮೇಡಂ ಹೋದ ಮೇಲೆ ಸೇಠ್ ಕೂಗಾಡಲಿಲ್ಲ. ಮತ್ತೆ ಮೆಲ್ಲಗೆ ಮಾತಾಡುವವನಾದ. "ಖಲಾಸ್, ಉಮೇಶ್" ಎಂದ. ಅಷ್ಟೇ. ಇಪ್ಪತ್ತೆರಡು ವರ್ಷಕ್ಕೆ ಒಂದು ಮಾತು.

ದಾರಿಯಲ್ಲಿ ಅಬ್ರಾದ ಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಂತೆವು. "ಬೈಯುವುದಾದ್ರೆ ಬೈದುಬಿಡು" ಎಂದೆ. ಅವನು, "ನಿನ್ನ ಹತ್ತಿರ ಸುಳ್ಳು ಹೇಳಿಸಿದ್ದೇನಲ್ಲ, ನಾನೆಂತ ಬೈಯುವುದು?" ಎಂದ. ಮಾತು ಅಲ್ಲಿಗೆ ಮುಗಿಯಿತು. ನಾವು ತಬ್ಬಿಕೊಂಡು ಅಳುವ ಜಾತಿಯಲ್ಲ.

ರಾಜ್ಯೋತ್ಸವಕ್ಕೆ ನಾನೂ ಹೋಗಿದ್ದೆ. ಶಶಿಕಲಾ ಬೇಡವೆಂದಳು, ನಾನು ಬಿಡಲಿಲ್ಲ. ನಲವತ್ತು ಹೆಂಗಸರು ಕೆಂಪು ಹಳದಿಯಲ್ಲಿ ಸಾಲಾಗಿ ನಿಂತು ಹಾಡಿದರು. ದೂರದಿಂದ ಚೆನ್ನಾಗಿಯೇ ಕಂಡಿತು. ಮೈಕ್ ಹಿಡಿದ ಹುಡುಗ ಯಾವ ಕಾಗದ ಓದಿದನೋ, "ನಮ್ಮ ಮಣ್ಣಿನ ಕೈಮಗ್ಗದ ಸೀರೆಗಳಲ್ಲಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಜಯಂತಿ ಮೇಡಂ ತಲೆ ತಗ್ಗಿಸಿ ತಮ್ಮ ಸೆರಗಿನ ತುದಿ ನೋಡಿಕೊಂಡರು. ತಟ್ಟಲಿಲ್ಲ. ನಾನೂ ತಟ್ಟಲಿಲ್ಲ.

ಮಿರ್ದಿಫಿನ ಮನೆ ಬಿಟ್ಟು ಉಮೇಶನವರು ದುಬೈಯಲ್ಲೇ ಬಾರ್ಕೂರು ಕಡೆಯ ಒಂದು ಕೊಂಕಣಿ ಮನೆಯವರ ಜೊತೆ ಒಂದು ಕೋಣೆ ಹಿಡಿದರು. ದಿಶಾಳ ಶಾಲೆ ಆ ವರ್ಷಕ್ಕೆ ನಿಂತಿತು, ಅಂದರೆ ಬಿದ್ದು ಹೋಗದೆ ನಿಂತಿತು. ಶಶಿಕಲಾ ಎರಡು ಡ್ಯೂಟಿ ಮಾಡಿದಳು. ಉಮೇಶನಿಗೆ ವೀಸಾ ಮುಗಿಯಲು ನಾಲ್ಕು ದಿನ ಇರುವಾಗ ಮದೀನತ್ ಜಾಯೆದ್‌ನಲ್ಲಿ ಕೆಲಸ ಸಿಕ್ಕಿತು. ಅಬುಧಾಬಿಯಿಂದಲೂ ಆಚೆ, ಮರಳಿನ ನಡುವಿನ ಊರು. ಎಣ್ಣೆಯ ಬಾವಿಗಳಲ್ಲಿ ದುಡಿಯುವವರಿಗೆ ಅಂಗಿ ಪ್ಯಾಂಟು ಒಟ್ಟಿಗೇ ಇರುವ ದಪ್ಪ 'ಕವರಾಲ್' ಮಾರುವ ಅಂಗಡಿ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ.

ನಾನು ಊರಿಗೆ ಬಂದ ಮೇಲೆ ಒಂದು ಶುಕ್ರವಾರ ಫೋನು ಮಾಡಿದ. ಊಟ ಆಯಿತಾ, ಮೊಣಕಾಲು ಹೇಗಿದೆ, ಎಲ್ಲ ಆಯಿತು. ಆಮೇಲೆ ನಕ್ಕ. "ಇಲ್ಲಿ ಆರಾಮ, ಅಪ್ಪೆ. ಕೈಮಗ್ಗವಾ ಮಿಷನ್ನಾ ಅಂತ ಕೇಳುವವರೇ ಇಲ್ಲ. ಹೊಲಿಗೆ ಗಟ್ಟಿ ಉಂಟಾ ಅಂತ ಕೇಳ್ತಾರೆ, ಅಷ್ಟೇ."

"ಉಂಟಾ?"

"ಉಂಟು."

"ನೋಡಿ ಹೇಳಿದ್ದಾ, ಸುಮ್ಮನೆ ಹೇಳಿದ್ದಾ?"

ಅವನು ಫೋನನ್ನು ಎಲ್ಲೋ ಇಟ್ಟ ಶಬ್ದ, ಪ್ಲಾಸ್ಟಿಕ್ ಹರಿದ ಶಬ್ದ, ಆಮೇಲೆ ದಪ್ಪ ಬಟ್ಟೆಯನ್ನು ಎರಡು ಕೈಯಲ್ಲಿ ಜಗ್ಗಿದ ಶಬ್ದ. ಒಮ್ಮೆ, ಎರಡು ಸಲ, ಇನ್ನೂ ಒಂದು ಸಲ.

"ಕಂಕುಳ ಹತ್ರ ಹೊಲಿಗೆ ಬಿಡ್ತದೆ" ಎಂದ.